ಎದೆ ತೆಗೆಯುವುದೊಂದೇ ದಾರಿಯಲ್ಲ, ಗಂಟು ಅಡಗಿಸುವುದಂತೂ ದಾರಿಯೇ ಅಲ್ಲ

"ಕಾಫಿ ಕುಯ್ಲು ಮುಗೀಲಿ." "ನೋಂಬು ಕಳೀಲಿ." "ಮಗಳ ಮದುವೆ ಒಂದು ಆಗಿ ಹೋಗ್ಲಿ, ಆಮೇಲೆ ನೋಡುವ." ಹೊಂಗಡಹಳ್ಳ, ಹೆತ್ತೂರು ಕಡೆ ಇರಲಿ, ಘಟ್ಟದ ಕೆಳಗಿರಲಿ, ನಮ್ಮ ಹೆಂಗಸರು ತಮ್ಮ ಮೈಯ ತೊಂದರೆಯನ್ನು ಮುಂದಕ್ಕೆ ಹಾಕುವುದು ಇಂಥ ಮಾತುಗಳಲ್ಲೇ. ಸೊಂಟನೋವಿಗೆ, ಹಲ್ಲುನೋವಿಗೆ ಈ ಮಾತು ನಡೆದೀತು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದಾಗ ನಡೆಯುವುದಿಲ್ಲ. ಕುಯ್ಲು ಮುಗಿಯಲು ಮೂರು ತಿಂಗಳು, ಮಳೆ ಬಿಡಲು ಮತ್ತೆ ನಾಲ್ಕು ತಿಂಗಳು. ಗಂಟು ಯಾರಿಗೂ ಕಾಯುವುದಿಲ್ಲ.

ದೂರ, ದುಡ್ಡು, ಬಸ್ಸಿನ ಸಮಯ ಎಲ್ಲವೂ ಕಾರಣಗಳೇ, ಇಲ್ಲವೆನ್ನುವುದಿಲ್ಲ. ಆದರೆ ಅವುಗಳ ಅಡಿಯಲ್ಲಿ ಬಾಯಿಬಿಟ್ಟು ಹೇಳದ ಇನ್ನೊಂದು ಕಾರಣ ಇದೆ. "ಆಸ್ಪತ್ರೆಗೆ ಹೋದರೆ ಎದೆಯನ್ನೇ ಕುಯ್ದು ತೆಗೆದುಬಿಡ್ತಾರೆ" ಎಂಬ ಭಯ. ಸಾವಿಗಿಂತ ಈ ಭಯವೇ ದೊಡ್ಡದಾಗಿ ಕೂತುಬಿಟ್ಟವರಿದ್ದಾರೆ. ಈ ವಾರ ನಾವು ಬರೆಯುತ್ತಿರುವುದು ಆ ಭಯದ ಬಗ್ಗೆಯೇ. ಯಾಕೆಂದರೆ ಅದು ಹಳೆಯ ಕಾಲದ ಭಯ. ಅದನ್ನು ಹಳೆಯದಾಗಿಸಿದವರು ಬೇರೆ ಯಾರೂ ಅಲ್ಲ, ಕತ್ತಿ ಹಿಡಿಯುವ ಸರ್ಜನ್‌ಗಳೇ. ಅವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ.

ಮೊದಲು ಲೆಕ್ಕ ನೋಡುವ. ಭಾರತದ ಹೆಂಗಸರಲ್ಲಿ ಈಗ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಇಷ್ಟು ಸಾವಿಗೆ ದೊಡ್ಡ ಕಾರಣ ತಡವಾಗಿ ಬರುವುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರನ್ನು "ಒಮ್ಮೆಯಾದರೂ ಸ್ತನ ತಪಾಸಣೆ ಮಾಡಿಸಿದ್ದೀರಾ" ಅಂತ ಕೇಳಿದರೆ, ಹೌದು ಎಂದವರು ನೂರಕ್ಕೆ ಒಬ್ಬರೂ ಇರಲಿಲ್ಲ.

ಭಯ ಎಲ್ಲಿಂದ ಬಂತು?

ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ ಇದ್ದರು. 19ನೇ ಶತಮಾನದ ಕೊನೆಗೆ ಅವರು ಜಾರಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಎದೆಯನ್ನು ಮಾತ್ರ ಅಲ್ಲ, ಅದರ ಅಡಿಯ ಮಾಂಸಖಂಡ, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಆಗ ರೋಗಿಗಳು ಬರುತ್ತಿದ್ದದ್ದೇ ಗಂಟು ದೊಡ್ಡದಾಗಿ ಹುಣ್ಣಾದ ಮೇಲೆ; ಆದ್ದರಿಂದ ಅದು ಆ ಕಾಲಕ್ಕೆ ಸರಿ ಅನಿಸಿತು. ಹೆಂಗಸರು ಬದುಕುತ್ತಿದ್ದರು, ಆದರೆ ಎದೆಗೂಡು ಒಳಕ್ಕೆ ಕುಸಿದು, ಕೈ ಬಾತು, ತೋಳು ಎತ್ತಲಾಗದೆ. ಮುಕ್ಕಾಲು ಶತಮಾನ ಜಗತ್ತಿನಾದ್ಯಂತ ಇದೇ ನಡೆಯಿತು. ನಮ್ಮ ಅಜ್ಜಿಯರು ಯಾರೋ ಒಬ್ಬರನ್ನು ಹಾಗೆ ನೋಡಿರುತ್ತಾರೆ. ಆ ನೆನಪೇ ಮನೆಯಿಂದ ಮನೆಗೆ ದಾಟಿ ಬಂದಿದೆ.

ಇದನ್ನು ಪ್ರಶ್ನಿಸಿದವರೂ ಸರ್ಜನ್‌ಗಳೇ. ಇಟಲಿಯ ಮಿಲಾನಿನಲ್ಲಿ ಉಂಬರ್ತೋ ವೆರೊನೇಸಿ 1973ರಿಂದ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಿಂದ ಒಂದೊಂದು ದೊಡ್ಡ ಅಧ್ಯಯನ ಶುರುಮಾಡಿದರು. ಕೆಲವು ಹೆಂಗಸರಿಗೆ ಪೂರ್ತಿ ಎದೆ ತೆಗೆಯುವುದು, ಉಳಿದವರಿಗೆ ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು ರೇಡಿಯೇಷನ್ ಕೊಡುವುದು. ಮಿಲಾನಿನಲ್ಲಿ 701 ಮಂದಿ, ಅಮೆರಿಕದಲ್ಲಿ 1,851 ಮಂದಿ. ಇಪ್ಪತ್ತು ವರ್ಷ ಕಾದು ನೋಡಿ 2002ರಲ್ಲಿ ಇಬ್ಬರೂ ಫಲಿತಾಂಶ ಪ್ರಕಟಿಸಿದರು. ಬದುಕಿ ಉಳಿಯುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಬೇಗ ಬಂದವರಿಗೆ ಎದೆ ಉಳಿಸಿಯೂ ಜೀವ ಉಳಿಸಬಹುದು ಎಂಬುದು ಅಲ್ಲಿಗೆ ಗಟ್ಟಿಯಾಯಿತು.

"ಬೇಗ ಬಂದವರಿಗೆ" ಎಂಬ ಮಾತಿನ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ಮುಂದಿನದ್ದೆಲ್ಲ ನಿಂತಿರುವುದು ಅದರ ಮೇಲೆಯೇ.

ಕಂಡರೆ ತಾನೇ ಉಳಿಸುವುದು

ಎದೆಯೊಳಗಿನ ಗಂಟನ್ನು ಕ್ಷಕಿರಣದಲ್ಲಿ ನೋಡಬಹುದು ಎಂದು ಮೊದಲು ತೋರಿಸಿದವರೂ ಒಬ್ಬ ಸರ್ಜನ್. ಬರ್ಲಿನ್ನಿನ ಆಲ್ಬರ್ಟ್ ಸಾಲೊಮನ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸುಮಾರು 3,000 ಸ್ತನಗಳನ್ನು ಎಕ್ಸ್‌ರೇ ತೆಗೆದು, ಕ್ಯಾನ್ಸರ್ ಇದ್ದಲ್ಲಿ ಬಿಳಿಯ ಸಣ್ಣ ಚುಕ್ಕಿಗಳು ಕಾಣುವುದನ್ನು 1913ರಲ್ಲಿ ಬರೆದಿಟ್ಟರು. ಯಹೂದಿಯಾಗಿದ್ದ ಅವರನ್ನು ಮುಂದೆ ನಾಜಿಗಳು ಬಂಧನ ಶಿಬಿರಕ್ಕೆ ಹಾಕಿದರು. ಅವರು ತಪ್ಪಿಸಿಕೊಂಡು ಉಳಿದರು. ಚಿತ್ರಕಲಾವಿದೆಯಾಗಿದ್ದ ಮಗಳು ಷಾರ್ಲೆಟ್ ಆಶ್ವಿಟ್ಜ್‌ನಲ್ಲಿ ಕೊಲೆಯಾದಳು. ಅವರು ಗುರುತಿಸಿದ ಆ ಬಿಳಿ ಚುಕ್ಕಿಗಳನ್ನೇ ಇವತ್ತಿಗೂ ಮ್ಯಾಮೊಗ್ರಾಮ್‌ನಲ್ಲಿ ಡಾಕ್ಟರು ಹುಡುಕುವುದು. ಕೈಗೆ ಸಿಗುವ ಮೊದಲೇ ಅವು ಕಾಣಿಸಿಕೊಳ್ಳಬಹುದು.

ಮ್ಯಾಮೊಗ್ರಾಮ್ ಅಂದರೆ ಎದೆಯನ್ನು ಎರಡು ಹಲಗೆಗಳ ನಡುವೆ ಒತ್ತಿ ತೆಗೆಯುವ ಎಕ್ಸ್‌ರೇ. ಕೆಲವು ಕ್ಷಣ ನೋವಾಗುತ್ತದೆ, ಅಷ್ಟೇ. ನಲವತ್ತು ದಾಟಿದವರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಚಿಕ್ಕ ಪ್ರಾಯದವರ ಎದೆ ಗಟ್ಟಿಯಾಗಿ ಎಕ್ಸ್‌ರೇಯಲ್ಲಿ ಎಲ್ಲವೂ ಬೆಳ್ಳಗೆ ಕಾಣುವುದರಿಂದ ಅಂಥವರಿಗೆ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಸಂಶಯ ಬಂದರೆ ಸೂಜಿ ಹಾಕಿ ಸಣ್ಣ ತುಣುಕು ತೆಗೆದು ಪರೀಕ್ಷಿಸುತ್ತಾರೆ. "ಸೂಜಿ ತಾಗಿದರೆ ಕ್ಯಾನ್ಸರ್ ಹರಡ್ತದೆ" ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಅದಕ್ಕೆ ಬೆಲೆ ಕೊಡಬೇಡಿ. ಸೂಜಿ ಪರೀಕ್ಷೆ ಇಲ್ಲದೆ ನೇರ ಕತ್ತಿ ಹಾಕುವುದೇ ತಪ್ಪು ಕ್ರಮ.

ಬೆಂಗಳೂರಿನಲ್ಲಿ ಇನ್ನೊಂದು ಪ್ರಯತ್ನವೂ ನಡೆದಿದೆ. ಡಾ. ಗೀತಾ ಮಂಜುನಾಥ್ 2016ರಲ್ಲಿ ಶುರುಮಾಡಿದ ನಿರಾಮಯಿ ಎಂಬ ಕಂಪನಿ, ಎದೆಯ ಶಾಖವನ್ನು ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರಿನಿಂದ ವಿಶ್ಲೇಷಿಸುವ ವಿಧಾನ ತಯಾರಿಸಿದೆ. ಯಾರೂ ಮೈ ಮುಟ್ಟುವುದಿಲ್ಲ, ಒತ್ತುವುದಿಲ್ಲ. ನಾಚಿಕೆಯ ಕಾರಣಕ್ಕೆ ಹಿಂಜರಿಯುವವರಿಗೆ ಇದು ಅನುಕೂಲ ಅನಿಸಬಹುದು. ಆದರೆ ಮ್ಯಾಮೊಗ್ರಾಮ್ ಜಾಗಕ್ಕೆ ಇದು ಬಂದುಬಿಟ್ಟಿದೆ ಅಂತ ತಿಳಿಯಬಾರದು. ಗಂಟು ಕೈಗೆ ಸಿಕ್ಕಿದ್ದರೆ ಶಾಖದ ಚಿತ್ರ ಏನೇ ಹೇಳಲಿ, ಡಾಕ್ಟರಿಗೆ ತೋರಿಸಲೇಬೇಕು.

ಹಸಿರು ಬಣ್ಣ ತೋರಿಸಿದ ಕಾವಲುಗಾರ

ಈಗ ಬೆಂಗಳೂರಿನ ಸರ್ಜನ್‌ರ ವಿಷಯಕ್ಕೆ ಬರುವ. ಸ್ತನ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕಂಕುಳಿನ ಗ್ರಂಥಿಗಳಿಗೆ. ಅಲ್ಲಿಗೆ ಹೋಗಿದೆಯೋ ಇಲ್ಲವೋ ತಿಳಿಯಲು ಹಿಂದೆ ಎಲ್ಲ ಗ್ರಂಥಿಗಳನ್ನೂ ತೆಗೆದುಬಿಡುತ್ತಿದ್ದರು. ಹಾಗೆ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಂದೆ ಕೈ ಬಾವು ಬರುತ್ತದೆ. ಕಾಫಿ ಹಣ್ಣು ಬಿಡಿಸುವ, ಬೀಡಿ ಕಟ್ಟುವ, ನೀರು ಹೊರುವ ಹೆಂಗಸಿಗೆ ಕೈ ಬಾವು ಅಂದರೆ ಕೂಲಿಯೇ ಹೋದ ಹಾಗೆ.

1990ರ ದಶಕದಲ್ಲಿ ಒಂದು ಹೊಸ ದಾರಿ ಸಿಕ್ಕಿತು. ಗಂಟಿನ ನೀರು ಕಂಕುಳಿಗೆ ಹರಿಯುವಾಗ ಮೊದಲು ಮುಟ್ಟುವ ಒಂದೆರಡು ಗ್ರಂಥಿಗಳಿವೆ. ಅವನ್ನು ಕಾವಲು ಗ್ರಂಥಿ ಅನ್ನಬಹುದು. ಅವುಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಮುಟ್ಟಬೇಕಾಗಿಲ್ಲ. ಕೈ ಬಾವು ಬರುವ ಸಂಭವ ಆಗ ಇಪ್ಪತ್ತರಲ್ಲಿ ಒಬ್ಬರ ಆಸುಪಾಸಿಗೆ ಇಳಿಯುತ್ತದೆ. ಸಮಸ್ಯೆ ಎಂತ ಅಂದರೆ, ಆ ಕಾವಲುಗಾರನನ್ನು ಹುಡುಕುವುದು ಹೇಗೆ? ವಿದೇಶದಲ್ಲಿ ವಿಕಿರಣ ಸೂಸುವ ದ್ರವವನ್ನೂ ನೀಲಿ ಬಣ್ಣವನ್ನೂ ಎದೆಗೆ ಚುಚ್ಚಿ, ಎರಡೂ ಎಲ್ಲಿ ಸೇರುತ್ತವೆ ನೋಡುತ್ತಾರೆ. ವಿಕಿರಣದ ದ್ರವಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ, ಪರವಾನಗಿ, ವಿಶೇಷ ಯಂತ್ರ ಎಲ್ಲ ಬೇಕು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅದನ್ನೆಲ್ಲ ಎಲ್ಲಿಂದ ತರುವುದು?

ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ಎಸ್.ಪಿ. ಸೋಮಶೇಖರ್ ಅವರ ತಂಡ ಕೈಹಾಕಿದ್ದು ಈ ಪ್ರಶ್ನೆಗೇ. ಕಾವಲು ಗ್ರಂಥಿಯ ಪರೀಕ್ಷೆ ಬಗ್ಗೆ ಅವರು 2008ರಲ್ಲೇ ಭಾರತೀಯ ಸರ್ಜನ್‌ಗಳ ಪತ್ರಿಕೆಯಲ್ಲಿ ಬರೆದಿದ್ದರು. 2020ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನ ಇಂಡೋಸಯನಿನ್ ಗ್ರೀನ್ ಎಂಬ ಹಸಿರು ಬಣ್ಣದ ಬಗ್ಗೆ. ಇದು ಹೊಸ ವಸ್ತು ಅಲ್ಲ. ಫೋಟೋ ಫಿಲ್ಮಿನ ಕೊಡಾಕ್ ಕಂಪನಿಯಲ್ಲಿ ಹುಟ್ಟಿದ್ದು. 1950ರ ದಶಕದಿಂದಲೇ ಹೃದಯ, ಲಿವರ್ ಪರೀಕ್ಷೆಗೆ, ಆಮೇಲೆ ಕಣ್ಣಿನ ಪರೀಕ್ಷೆಗೆ ಬಳಕೆಯಲ್ಲಿದೆ. ಇನ್‌ಫ್ರಾರೆಡ್ ಬೆಳಕು ಬಿದ್ದರೆ ಇದು ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ ಆ ಹೊಳಪನ್ನು ವಿಶೇಷ ಕ್ಯಾಮೆರಾ ಹಿಡಿದು ಪರದೆಯ ಮೇಲೆ ತೋರಿಸುತ್ತದೆ. ಚರ್ಮದ ಅಡಿಯಲ್ಲಿ ಬೆಳಕಿನ ಗೆರೆ ಎದೆಯಿಂದ ಕಂಕುಳಿಗೆ ಹರಿದು ಹೋಗುವುದನ್ನು ಸರ್ಜನ್ ಕಣ್ಣಾರೆ ನೋಡಬಹುದು. ಗೆರೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಕಾವಲು ಗ್ರಂಥಿ.

ವಿಕಿರಣದ ದ್ರವ ಮತ್ತು ನೀಲಿ ಬಣ್ಣ ಎರಡೂ ಸೇರಿ ಮಾಡುವ ಕೆಲಸವನ್ನು ಈ ಹಸಿರು ಬಣ್ಣದಿಂದ ಕಡಿಮೆ ಖರ್ಚಿನಲ್ಲಿ ಮಾಡಬಹುದೇ ಎಂಬುದು ಅಧ್ಯಯನದ ಪ್ರಶ್ನೆ. ಮಾಡಬಹುದು ಎಂಬುದು ಉತ್ತರ. ಅದೇ ವರ್ಷ ಕೋಲ್ಕತ್ತದ ಟಾಟಾ ಮೆಡಿಕಲ್ ಸೆಂಟರ್‌ನ ಸರ್ಜನ್‌ಗಳು ಹಸಿರು ಬಣ್ಣಕ್ಕೆ ನೀಲಿ ಬಣ್ಣ ಸೇರಿಸಿ ನೋಡಿ, ವಿಕಿರಣದ ವಿಧಾನಕ್ಕೆ ಅದೂ ಸಮವೆಂದು ಬರೆದರು. ಕೇಳಲು ಇದು ಸಣ್ಣ ಸಂಗತಿ. ಆದರೆ ವಿಕಿರಣದ ವ್ಯವಸ್ಥೆ ಇಲ್ಲದ ಊರಿನ ಆಸ್ಪತ್ರೆಯಲ್ಲೂ ಒಬ್ಬ ಹೆಂಗಸಿನ ಕೈ ಉಳಿಸಬಹುದು ಎಂಬ ಸಾಧ್ಯತೆ ಇದರಿಂದ ಹತ್ತಿರ ಬಂತು.

ಮೂಗು ಕಟ್ಟಿದ ವಿದ್ಯೆ ಎದೆ ಕಟ್ಟುತ್ತದೆ

ಗಂಟು ದೊಡ್ಡದಿದ್ದರೆ, ಒಂದೇ ಎದೆಯಲ್ಲಿ ಎರಡು ಮೂರು ಕಡೆ ಇದ್ದರೆ ಪೂರ್ತಿ ತೆಗೆಯಲೇಬೇಕಾಗಬಹುದು. ಅಲ್ಲಿಗೂ ದಾರಿ ಮುಗಿಯುವುದಿಲ್ಲ. ತೆಗೆದ ಎದೆಯನ್ನು ಮತ್ತೆ ಕಟ್ಟಬಹುದು.

ಈ ವಿದ್ಯೆಯ ಕಥೆಯ ಒಂದು ತುದಿ ನಮ್ಮ ನೆಲಕ್ಕೇ ತಾಗುತ್ತದೆ. ಸಕಲೇಶಪುರದ ಮಂಜರಾಬಾದ್ ಕೋಟೆಯನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದ್ದು 1792ರ ಹೊತ್ತಿಗೆ. ಅದೇ ಕಾಲದ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್ಜಿ ಎಂಬವನು ಸೆರೆಸಿಕ್ಕು ಮೂಗು ಕಳೆದುಕೊಂಡ ಎಂದು ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ 1794ರಲ್ಲಿ ಬರೆಯಿತು. ಪುಣೆಯ ಕಡೆ ಒಬ್ಬ ದೇಶಿ ವೈದ್ಯ ಅವನ ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸದೆ, ಒಂದು ಕಡೆ ಅಂಟಿಕೊಂಡಿರುವ ಹಾಗೆಯೇ ತಿರುಗಿಸಿ ಮೂಗಿನ ಜಾಗಕ್ಕೆ ತಂದು ಕೂರಿಸಿದ್ದ. ಇದನ್ನು ಓದಿಯೇ ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಂಥ ಶಸ್ತ್ರಚಿಕಿತ್ಸೆ ಮಾಡಿದರು. ಯುರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಹೊಸ ಜೀವ ಬಂದದ್ದು ಹೀಗೆ.

ಚರ್ಮವನ್ನು ಪೂರ್ತಿ ಕತ್ತರಿಸಲಿಲ್ಲ ಯಾಕೆ? ರಕ್ತ ಹರಿಯುತ್ತಿರಬೇಕು. ರಕ್ತ ನಿಂತರೆ ಕೂರಿಸಿದ ಭಾಗ ಸಾಯುತ್ತದೆ. ಎದೆ ಕಟ್ಟುವಾಗಲೂ ಸೂತ್ರ ಇದೇ. ಇಟಲಿಯ ಇಜಿನಿಯೊ ತಾನ್ಸಿನಿ 1906ರಲ್ಲಿ ಬೆನ್ನಿನ ಚರ್ಮ ಮತ್ತು ಮಾಂಸಖಂಡವನ್ನು ರಕ್ತನಾಳದ ಸಮೇತ ತಿರುಗಿಸಿ ಎದೆಯ ಗಾಯ ಮುಚ್ಚಿದರು. ಅಮೆರಿಕದ ಕಾರ್ಲ್ ಹಾರ್ಟ್ರಾಂಫ್ 1982ರಲ್ಲಿ ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬಿನಿಂದ ಎದೆ ಕಟ್ಟುವ ಕ್ರಮ ಪ್ರಕಟಿಸಿದರು. ಸಿಲಿಕಾನ್ ಚೀಲ ಇಡುವ ವಿಧಾನ ಇನ್ನೊಂದು. ಗಂಟು ತೆಗೆದ ಜಾಗದ ಹಳ್ಳವನ್ನು ಅಲ್ಲಿಯದೇ ಕೊಬ್ಬಿನಿಂದ ತುಂಬಿ ಆಕಾರ ಸರಿಮಾಡುವುದೂ ಇದೆ. ಇದಕ್ಕೆ ಆಂಕೊಪ್ಲಾಸ್ಟಿಕ್ ಸರ್ಜರಿ ಅನ್ನುತ್ತಾರೆ.

ಹಸಿರು ಬಣ್ಣ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಅದನ್ನು ಕೈಯ ನರಕ್ಕೆ ಚುಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಹೊಸದಾಗಿ ಕಟ್ಟಿದ ಎದೆಯಲ್ಲಿ ರಕ್ತ ಹರಿಯುವ ಜಾಗವೆಲ್ಲ ಪರದೆಯ ಮೇಲೆ ಬೆಳಗುತ್ತದೆ. ಕತ್ತಲೆ ಉಳಿದ ಭಾಗಕ್ಕೆ ರಕ್ತ ಸರಿಯಾಗಿ ತಲುಪುತ್ತಿಲ್ಲ ಅಂತ ಅರ್ಥ. ಸರ್ಜನ್ ಅದನ್ನು ಅಲ್ಲೇ, ಆಪರೇಷನ್ ಮೇಜಿನ ಮೇಲೆಯೇ ಸರಿಮಾಡಬಹುದು. ಮೊದಲಾದರೆ ಚರ್ಮ ಕಪ್ಪಾದ ಮೇಲೆ ಗೊತ್ತಾಗುತ್ತಿತ್ತು. ರೋಗ ಹುಡುಕುವ ಕಣ್ಣೇ ಎದೆ ಕಟ್ಟುವ ಕೈಗೂ ದಾರಿ ತೋರಿಸುತ್ತಿದೆ.

"ಈ ಪ್ರಾಯದಲ್ಲಿ ಇದೆಲ್ಲ ಯಾಕೆ ಬೇಕು?" ಅಂತ ಕೇಳುವವರಿದ್ದಾರೆ. ಬೇಡ ಅಂತ ಆಕೆಯೇ ಹೇಳಿದರೆ ಸರಿ, ಯಾರೂ ಒತ್ತಾಯ ಮಾಡಬೇಕಿಲ್ಲ. ಬಟ್ಟೆಯೊಳಗೆ ಇಟ್ಟುಕೊಳ್ಳುವ ಸಿಲಿಕಾನ್ ಅಥವಾ ನೂಲಿನ ಕೃತಕ ಸ್ತನವೇ ಸಾಕು ಅನ್ನುವವರು ಬಹಳ ಮಂದಿ. ಆದರೆ ಆ ಮಾತನ್ನು ಗಂಡನೋ ಅತ್ತೆಯೋ ಮಗನೋ ಆಕೆಯ ಪರವಾಗಿ ಹೇಳಿಬಿಡುವುದು ಸರಿಯಲ್ಲ.

ಯಂತ್ರ ಇಲ್ಲದ ಊರಿನಲ್ಲಿ

ಇಷ್ಟೆಲ್ಲ ಓದಿ ಹೊಂಗಡಹಳ್ಳದವರು ಕೇಳಬಹುದು: "ಕ್ಯಾಮೆರಾ, ಬಣ್ಣ ಎಲ್ಲ ಸರಿ ಮಾರಾಯ್ರೆ, ನಮಗೆ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟೇ ಇರುವುದಿಲ್ಲ. ಆನೆ ಇದೆ ಅಂದರೆ ಬೆಳಿಗ್ಗೆ ಬಸ್ಸಿಗೆ ಹೋಗುವುದೂ ಕಷ್ಟ. ನಾವು ಎಂತ ಮಾಡುವುದು?"

ನ್ಯಾಯವಾದ ಪ್ರಶ್ನೆ. ಇದಕ್ಕೂ ಒಬ್ಬ ಸರ್ಜನ್ ಉತ್ತರ ಹುಡುಕಿದ್ದಾರೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ಇಂದ್ರನೀಲ್ ಮಿತ್ರ ಅವರ ತಂಡ 1998ರಲ್ಲಿ ಮುಂಬಯಿಯ ಬಡ ಬಡಾವಣೆಗಳ 35ರಿಂದ 64 ವರ್ಷದ 1,51,538 ಹೆಂಗಸರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ, ಒಟ್ಟು ನಾಲ್ಕು ಸಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಎದೆ ಪರೀಕ್ಷೆ ಮಾಡಿದರು. ಮ್ಯಾಮೊಗ್ರಾಮ್ ಇಲ್ಲ, ಡಾಕ್ಟರೂ ಇಲ್ಲ. ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಪರೀಕ್ಷೆಯಾದ ಗುಂಪಿನಲ್ಲಿ ಕ್ಯಾನ್ಸರ್ ಮುಂಚಿನ ಹಂತದಲ್ಲೇ ಸಿಕ್ಕಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30 ಕಡಿಮೆಯಾಯಿತು. ಅದಕ್ಕಿಂತ ಚಿಕ್ಕವರಲ್ಲಿ ಸಾವಿನ ಲೆಕ್ಕದಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು.

ಅಂದರೆ ತರಬೇತಿ ಇರುವ ಒಬ್ಬ ಹೆಂಗಸಿನ ಎರಡು ಕೈ ಸಾಕು, ಶುರು ಮಾಡಲು. ಸರ್ಕಾರದ ಕಾರ್ಯಕ್ರಮದಲ್ಲೂ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಆಗಬೇಕು ಎಂದಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರನ್ನು ಕೇಳಿ. ಕೇಳಿದರೆ ತಾನೇ ಸಿಗುವುದು.

ಪರೀಕ್ಷೆ ಮಾಡುವುದು ಹೆಂಗಸೇ ಆಗಿರುವುದರಿಂದ ನಾಚಿಕೆಯ ಪ್ರಶ್ನೆಯೂ ಕಡಿಮೆ. ಮುಂದಿನ ಹಂತದಲ್ಲಿ ಮಹಿಳಾ ಡಾಕ್ಟರ್ ಬೇಕು ಅಂತ ಕೇಳುವುದು ನಿಮ್ಮ ಹಕ್ಕು. ಸಿಗದಿದ್ದರೆ, ಜೀವದ ಪ್ರಶ್ನೆ ಬಂದಾಗ ಪುರುಷ ಡಾಕ್ಟರಿಗೆ ತೋರಿಸಲು ಧರ್ಮದ ಅಡ್ಡಿಯಿಲ್ಲ ಎಂಬುದನ್ನು ಉಸ್ತಾದರೇ ಹೇಳಿಕೊಡುತ್ತಾರೆ. ಈ ವಿಷಯ ಮಹಿಳೆಯರ ಕ್ಲಾಸುಗಳಲ್ಲೂ ಬಂದರೆ ಒಳ್ಳೆಯದು.

ಇನ್ನೊಂದು ಮಾತು. ನಮ್ಮಲ್ಲಿ "ಎದೆನೋವು" ಅಂದರೆ ಎಲ್ಲರೂ ಹೃದಯಕ್ಕೆ ಕೈ ತೋರಿಸುತ್ತಾರೆ. ಆದರೆ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಬಹುತೇಕ ನೋಯುವುದೇ ಇಲ್ಲ. "ನೋವಿಲ್ಲ, ಹಾಗಾದ್ರೆ ಏನಿಲ್ಲ ಬಿಡು" ಎಂಬ ಸಮಾಧಾನವೇ ಅಪಾಯ. ಹೊಸ ಗಂಟು, ಮೊಲೆತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ತೊಟ್ಟಿನಿಂದ ರಕ್ತ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆಗುವುದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ತೋರಿಸಿ. ಬಾಣಂತಿಯರಲ್ಲಿ ಗಂಟು ಕಂಡರೆ "ಹಾಲು ಕಟ್ಟಿದೆ" ಅಂತ ತಿಂಗಳುಗಟ್ಟಲೆ ಬಿಡಬೇಡಿ. ಹತ್ತು ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. ಅದನ್ನು ತೀರ್ಮಾನಿಸುವುದು ಪರೀಕ್ಷೆ, ನಾವಲ್ಲ.

ದಾರಿ ಮತ್ತು ಖರ್ಚು

ಹೊಂಗಡಹಳ್ಳದವರಿಗೆ ಮೊದಲ ಮೆಟ್ಟಿಲು ಸಕಲೇಶಪುರದ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆ. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಹಾಸನದಲ್ಲಿ ಹಿಮ್ಸ್ ಇದೆ. ದೊಡ್ಡ ಚಿಕಿತ್ಸೆಗೆ ಶಿರಾಡಿ ಘಾಟಿ ಇಳಿದು ಮಂಗಳೂರು, ಇಲ್ಲವೇ ಬೆಂಗಳೂರಿನ ಕಿದ್ವಾಯಿ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಈ ಸಂಸ್ಥೆ 1973ರಿಂದ ರಾಜ್ಯದ ಬಡ ರೋಗಿಗಳಿಗೆ ಆಸರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎದೆ ಮತ್ತೆ ಕಟ್ಟುವುದು ಅದರಲ್ಲಿ ಬರುತ್ತದೆಯೇ ಎಂಬುದನ್ನು ಆಪರೇಷನ್ನಿಗೆ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿ ಗಟ್ಟಿಮಾಡಿಕೊಳ್ಳಿ.

ಎದೆ ಉಳಿಸುವ ಆಪರೇಷನ್ ಆದ ಮೇಲೆ ಬಹುತೇಕ ಎಲ್ಲರಿಗೂ ರೇಡಿಯೇಷನ್ ಬೇಕು. ವಾರಕ್ಕೆ ಐದು ದಿನದಂತೆ ಮೂರು ವಾರ ಅಥವಾ ಹೆಚ್ಚು. ದಿನಾ ಘಟ್ಟ ಹತ್ತಿ ಇಳಿಯಲಾಗದು, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಉಳಿಯಬೇಕು. ಉಳಿಯಲು ಜಾಗ ಇಲ್ಲ ಎಂಬ ಒಂದೇ ಕಾರಣಕ್ಕೆ "ಪೂರ್ತಿ ತೆಗೆದುಬಿಡಿ" ಅನ್ನುವ ಸ್ಥಿತಿ ಯಾವ ಹೆಂಗಸಿಗೂ ಬರಬಾರದು. ಪೇಟೆಯಲ್ಲಿ ಮನೆ ಇರುವ ನೆಂಟರು ಮೂರು ವಾರ ಒಂದು ಕೋಣೆ ಕೊಟ್ಟರೆ, ಜಮಾಅತ್‌ಗಳು ಆಸ್ಪತ್ರೆ ಹತ್ತಿರ ಒಂದು ಬಾಡಿಗೆ ಕೋಣೆ ಮಾಡಿಟ್ಟರೆ, ಅದು ಆಕೆಯ ಎದೆ ಉಳಿಸಿದ ಲೆಕ್ಕವೇ.

ಆಪರೇಷನ್ನಿಗೆ ಒಪ್ಪುವ ಮೊದಲು ಈ ಐದು ಪ್ರಶ್ನೆ ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ:

1. ಸೂಜಿ ಪರೀಕ್ಷೆಯ ವರದಿ ಎಂತ ಹೇಳುತ್ತದೆ? ರೋಗ ಯಾವ ಹಂತದಲ್ಲಿದೆ?
2. ಗಂಟು ಮಾತ್ರ ತೆಗೆಯಲು ಸಾಧ್ಯವೇ? ಮೊದಲು ಕೀಮೋ ಕೊಟ್ಟು ಗಂಟು ಸಣ್ಣದು ಮಾಡಬಹುದೇ?
3. ಕಂಕುಳಿನ ಕಾವಲು ಗ್ರಂಥಿ ಮಾತ್ರ ಪರೀಕ್ಷಿಸಲು ಇಲ್ಲಿ ವ್ಯವಸ್ಥೆ ಇದೆಯೇ?
4. ಪೂರ್ತಿ ತೆಗೆಯಬೇಕಾದರೆ, ಮತ್ತೆ ಕಟ್ಟುವುದು ಅದೇ ದಿನವೋ, ಆಮೇಲೆಯೋ?
5. ಆಪರೇಷನ್ ಆದ ಮೇಲೆ ಎಷ್ಟು ದಿನ ಕೀಮೋ, ಎಷ್ಟು ದಿನ ರೇಡಿಯೇಷನ್?

ಈ ಪ್ರಶ್ನೆ ಕೇಳಿದರೆ ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ಕೂರಿಸಿ ಹೇಳುತ್ತಾರೆ.

ಕೊನೆಗೆ ಗಂಡಸರಿಗೆ. ಕಾಳುಮೆಣಸಿನ ಬಳ್ಳಿಯ ಎಲೆ ಸ್ವಲ್ಪ ಹಳದಿಯಾದರೆ ಅದೇ ದಿನ ಸಕಲೇಶಪುರಕ್ಕೆ ಓಡಿ ಔಷಧಿ ತರುವವರು ನಾವು. ಮನೆಯಲ್ಲಿ ಉಮ್ಮನೋ ಹೆಂಡತಿಯೋ ಅಕ್ಕನೋ "ಇಲ್ಲೊಂದು ಗಂಟು ಇದೆ" ಅಂದರೆ "ಕುಯ್ಲು ಮುಗೀಲಿ" ಅನ್ನಬೇಡಿ. ಆಕೆ ಅಷ್ಟು ಹೇಳಲು ಎಷ್ಟು ದಿನ ಯೋಚಿಸಿದ್ದಾಳೋ. ಮರುದಿನದ ಮೊದಲ ಬಸ್ಸಿಗೆ ಜೊತೆಯಲ್ಲಿ ಹೊರಡಿ.